ಮೊದಲು ಆ ಸ್ಕೇಲನ್ನು ಹಿಂದಿರುಗಿಸಿ

ಈ ವಾರ ಬಂದ ಪತ್ರಗಳಲ್ಲಿ ಒಂದನ್ನು ಓದಿದ ಮೇಲೆ ಉಳಿದವುಗಳನ್ನು ಬಿಡಿಸುವ ಮನಸ್ಸಾಗಲಿಲ್ಲ. ಹೆಸರು, ಊರು ಎರಡೂ ಬೇಡವೆಂದು ಕೇಳಿಕೊಂಡಿರುವ ಗೃಹಿಣಿಯೊಬ್ಬರು ಬರೆದದ್ದು. ಎಪ್ಪತ್ತು ಮನೆಗಳ ಅವರ ಹಳ್ಳಿಯಲ್ಲಿ ಎಂಟು ತಿಂಗಳ ಹಿಂದೆ ಯುವತಿಯೊಬ್ಬಳ ಬರ್ಬರ ಕೊಲೆಯಾಯಿತು. ಆರೋಪಿ ಹೊರಗಿನವನಲ್ಲ, ಇವರಿಂದ ಮೂರನೆಯ ಮನೆಯವನು, ಈಗ ಜೈಲಿನಲ್ಲಿದ್ದಾನೆ. ಅಂದಿನಿಂದ ಹಗಲಲ್ಲೂ ಬಾಗಿಲಿಗೆ ಚಿಲಕ, ಕತ್ತಲಾಗುವ ಮೊದಲೇ ಬೀದಿ ಖಾಲಿ, ಇಬ್ಬರು ಮಾತಾಡುತ್ತಿರುವಲ್ಲಿಗೆ ಮೂರನೆಯವರು ಬಂದರೆ ಮಾತು ನಿಂತುಹೋಗುತ್ತದೆ. ಜಮೀನು ಮಾರಿ ಪಟ್ಟಣ ಸೇರೋಣವೇ ಎಂಬುದು ಅವರ ಪ್ರಶ್ನೆ.

ತಾಯಿ, ನಿಮ್ಮ ಭಯ ಹುಸಿಯೆಂದು ನಾನು ಹೇಳಲಾರೆ. ಅಮೆರಿಕದ ಕನ್ಸಾಸ್ ರಾಜ್ಯದ ಹೋಲ್ಕಂಬ್ ಎಂಬ ಪುಟ್ಟ ಊರಿನಲ್ಲಿ 1959ರ ನವೆಂಬರ್ 15ರಂದು ಕ್ಲಟರ್ ಕುಟುಂಬದ ನಾಲ್ವರ ಹತ್ಯೆಯಾದಾಗಲೂ, ಬಾಗಿಲಿಗೆ ಬೀಗ ಹಾಕುವ ಅಭ್ಯಾಸವೇ ಇಲ್ಲದಿದ್ದವರು ಬೀಗ ಕೊಂಡರು, ರಾತ್ರಿಯಿಡೀ ದೀಪ ಉರಿಸಿದರು, ನೆರೆಯವರನ್ನೇ ಶಂಕಿಸಿದರು. ಡಿಸೆಂಬರ್ 30ರಂದು ಸಿಕ್ಕಿಬಿದ್ದ ಹಂತಕರಿಬ್ಬರು ಆ ಊರಿನವರೇ ಆಗಿರಲಿಲ್ಲ. ಅಲ್ಲಿನವರಿಗೆ ಕೊನೆಗೆ ಆ ಸಮಾಧಾನವಾದರೂ ದಕ್ಕಿತು. ನಿಮಗೆ ಅದೂ ಇಲ್ಲ. ಆದರೆ ಆರೋಪಿ ಕಂಬಿಯ ಹಿಂದಿರುವಾಗ ನಿಮ್ಮ ಚಿಲಕ ಯಾರ ವಿರುದ್ಧ? ಅವನು ಮರಳಿ ಬಂದಾನು ಎಂಬುದಕ್ಕಿಂತ, ಹದಿನೈದು ವರ್ಷ ದಿನಬೆಳಗಾದರೆ ಕಂಡವನನ್ನು ನಾವು ಅರಿಯದೇ ಹೋದೆವಲ್ಲ ಎಂಬ ಅಳುಕು ನಿಮ್ಮನ್ನು ಹೆಚ್ಚು ಕಾಡುತ್ತಿದೆ ಎಂದು ನನಗನಿಸುತ್ತದೆ.

ನಾಲ್ಕು ಪುಟ ತುಂಬ ಊರು ಬದಲಾದ ಬಗೆಯನ್ನು ಬರೆದ ನೀವು, ಸಹಿಯ ಕೆಳಗೆ, ಸಣ್ಣ ಅಕ್ಷರದಲ್ಲಿ ಒಂದು ಸಾಲು ಸೇರಿಸಿದ್ದೀರಿ: ‘ಆ ಮನೆಯ ಹುಡುಗ ನನ್ನ ಮಗನ ಬೆಂಚಿನವನೇ ಆಗಿದ್ದ, ಮೇಷ್ಟ್ರಿಗೆ ಹೇಳಿ ಜಾಗ ಬದಲಿಸಿದೆ, ಅವನ ಸ್ಕೇಲು ಇನ್ನೂ ನನ್ನ ಮಗನ ಬ್ಯಾಗಿನಲ್ಲೇ ಇದೆ, ಹೇಗೆ ಕೊಡುವುದೋ ತಿಳಿಯದು.’ ಎಂಟು ತಿಂಗಳಿಂದ ಆ ಸ್ಕೇಲು ದಿನವೂ ಶಾಲೆಗೆ ಹೋಗಿ, ಎರಡು ಬೆಂಚಿನಾಚೆ ಕೂತ ತನ್ನ ಒಡೆಯನನ್ನು ಮುಟ್ಟದೆ ಮನೆಗೆ ಮರಳುತ್ತಿದೆ. ಕೊಲೆ ಒಂದು ರಾತ್ರಿಯಲ್ಲಿ ನಡೆದುಹೋಯಿತು. ಬೆಂಚನ್ನು ಬದಲಿಸಿದವರು ನೀವು.

ನಿಮಗಿಂತ ಹೆಚ್ಚು ಸಿಟ್ಟು ನನಗೆ ಆ ಮೇಷ್ಟ್ರ ಮೇಲಿದೆ. ಹೆದರಿದ ತಾಯಿಯೊಬ್ಬಳು ಕೇಳಬಾರದ್ದನ್ನು ಕೇಳಿದರೆ ಅದನ್ನು ಕ್ಷಮಿಸಬಹುದು. ನಲವತ್ತು ಮಕ್ಕಳ ಎದುರಿನಲ್ಲಿ ಒಂಬತ್ತು ವರ್ಷದ ಹುಡುಗನನ್ನು ಎಬ್ಬಿಸಿ ಹಿಂದಿನ ಬೆಂಚಿಗೆ ಕಳಿಸಿದ, ಆಗುವುದಿಲ್ಲವೆನ್ನಬೇಕಾದಲ್ಲಿ ತಲೆಯಾಡಿಸಿದ ಅಧ್ಯಾಪಕರನ್ನು ಹೇಗೆ ಕ್ಷಮಿಸುವುದು? ತಂದೆಯ ಅಪರಾಧವನ್ನು ನ್ಯಾಯಾಲಯ ಇನ್ನೂ ತೀರ್ಮಾನಿಸಿಲ್ಲ, ಮಗನಿಗೆ ಶಿಕ್ಷೆ ಅಂದೇ ಜಾರಿಯಾಯಿತು.

ಆ ಮನೆಯ ಮೆಟ್ಟಿಲು ಹತ್ತಿದರೆ ಮೃತಳ ತಾಯಿ ಏನೆಂದುಕೊಂಡಾರು ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆಯೇ. ಆದರೆ ಏನು ಮಾತಾಡುವುದೆಂದು ತಿಳಿಯದೆ ಆಕೆಯ ಮನೆಗೂ ಈಗ ಯಾರೂ ಹೋಗುತ್ತಿಲ್ಲ ಎಂದು ನೀವೇ ಬರೆದಿದ್ದೀರಿ. ಮಗಳನ್ನು ಕಳೆದುಕೊಂಡ ಮನೆಯನ್ನೂ ಕೊಂದವನೆನಿಸಿಕೊಂಡವನ ಮನೆಯನ್ನೂ ಊರು ಒಂದೇ ರೀತಿ ಸುತ್ತಿಬಳಸಿ ಹೋಗುತ್ತಿದೆ. ಆದ್ದರಿಂದ ಮೊದಲು ಆಕೆಯ ಬಳಿ ಹೋಗಿ ಕುಳಿತುಕೊಳ್ಳಿ. ಮಾತು ತೋಚದಿದ್ದರೆ ಸುಮ್ಮನಿರಿ, ಎದ್ದು ಬರುವಾಗ ನಾಳೆ ಆ ಹುಡುಗನನ್ನು ನೋಡಲು ಹೋಗುವೆನೆಂದು ನೀವೇ ತಿಳಿಸಿ. ಬೇರೆಯವರ ಬಾಯಿಂದ ಆಕೆಗೆ ಅದು ತಲುಪಬಾರದು. ಆಕೆ ಸಿಟ್ಟಾದರೆ ಎದುರಾಡಬೇಡಿ.

ಭಯದಲ್ಲಿದ್ದಾಗ ನೆಲ ಮಾರಬಾರದೆಂದು ಈ ಅಂಕಣದಲ್ಲಿ ಎಷ್ಟೋ ಬಾರಿ ಬರೆದಿದ್ದೇನೆ, ಮತ್ತೊಮ್ಮೆ ಬರೆಯುತ್ತೇನೆ. ಅವಸರದಲ್ಲಿರುವವರ ಮುಖ ಕೊಳ್ಳುವವನಿಗೆ ಬೇಗ ಗೊತ್ತಾಗುತ್ತದೆ.

ಮರುದಿನ ಸಂಜೆ, ಬೀದಿಯಲ್ಲಿ ಜನರಿರುವಾಗಲೇ, ಮಗನ ಕೈ ಹಿಡಿದು ಮೂರನೆಯ ಮನೆಗೆ ಹೋಗಿ. ಸ್ಕೇಲನ್ನು ನಿಮ್ಮ ಮಗನೇ ಕೊಡಲಿ. ಆ ಹುಡುಗನ ತಾಯಿಗೆ ವಿವರಣೆ ಬೇಡ, ‘ಕೊಡುವುದು ತಡವಾಯಿತು’ ಎಂದರೆ ಸಾಕು. ಮೇಷ್ಟ್ರ ಬಳಿಗೆ ಅದರ ಮರುದಿನ ಹೋಗಿ, ಬೆಂಚನ್ನು ಮೊದಲಿನಂತೆ ಮಾಡಿಸಿ. ಜಮೀನಿನ ವಿಚಾರವನ್ನು ಆಮೇಲೆ ಬರೆಯಿರಿ.