ಪಕ್ಕದ ಬೀದಿಯ ಚರ್ಚಿನವರು ಪಿಕ್‌ನಿಕ್‌ಗೆ ಕರೆದಿದ್ದಾರೆ, ಹೋಗಲಾ?

ಈ ಸಲದ ಪತ್ರಗಳಲ್ಲಿ ಒಂದು ಅಮೆರಿಕದ ಪಿಟ್ಸ್‌ಬರ್ಗ್‌ನಿಂದ ಬಂದಿದೆ. ಬರೆದವರು ದಾವಣಗೆರೆಯವರು, ಬೇಸಿಗೆ ಕಳೆಯಲು ಮಗಳ ಮನೆಗೆ ಹೋಗಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ಪತ್ರದ ಸಾರ ಇಷ್ಟು. ಮಗಳ ಮನೆ ಹತ್ತಿರ ಪ್ರೆಸ್ಬಿಟೇರಿಯನ್ ಅನ್ನುವ ಪ್ರಾಟೆಸ್ಟಂಟ್ ಕ್ರೈಸ್ತ ಪಂಗಡದ ಒಂದು ಹಳೇ ಕಲ್ಲಿನ ಚರ್ಚ್ ಇದೆ. ಅಲ್ಲಿಗೆ ಹೋಗುವ ಪಕ್ಕದ ಮನೆಯಾಕೆ ಬಂದು, ಏಳು ವರ್ಷದ ಮೊಮ್ಮಗನನ್ನು ಒಂದು ವಾರ ‘ವಿಬಿಎಸ್’ಗೆ ಕಳಿಸಿ ಅಂದರಂತೆ. ಜೊತೆಗೆ ಭಾನುವಾರದ ಪಿಕ್‌ನಿಕ್‌ಗೆ ಮನೆಮಂದಿಯನ್ನೆಲ್ಲ ಕರೆದರಂತೆ. ಅಳಿಯ ಹೋಗೋಣ ಅನ್ನುತ್ತಾರೆ, ಮಗಳಿಗೆ ಅನುಮಾನ. “ಇದೆಲ್ಲ ಮತಾಂತರಕ್ಕೇನಾ? ಬೇಸಿಗೆ ಪೂರ್ತಿ ಇವರಿಗೆ ಐಸ್‌ಕ್ರೀಂ, ಆಟ, ಊಟ ಇದೇ ಕೆಲಸ, ಪೂಜೆ ಯಾವಾಗ? ಅವರ ಪಾದ್ರಿ ಹೆಂಗಸು, ನಿನ್ನೆ ಚಡ್ಡಿ ಹಾಕಿಕೊಂಡು ಗಿಡಕ್ಕೆ ನೀರು ಹಾಕುತ್ತಿದ್ದರು! ಹೋಗುವುದಾದರೆ ಏನು ಮಾಡಿಕೊಂಡು ಹೋಗಲಿ, ಸೀರೆ ಉಟ್ಟರೆ ನಡೆಯುತ್ತಾ?”

ನಮಸ್ಕಾರ ಅಮ್ಮಾ,

ಮತಾಂತರದ ವಿಷಯ ಮೊದಲು ಮುಗಿಸಿಬಿಡೋಣ. ಅದು ತಲೆಯಲ್ಲಿ ಕೂತಿದ್ದರೆ ಪಿಕ್‌ನಿಕ್‌ನಲ್ಲಿ ತುತ್ತು ಇಳಿಯುವುದಿಲ್ಲ. ವಿಬಿಎಸ್ ಅಂದರೆ ವೆಕೇಶನ್ ಬೈಬಲ್ ಸ್ಕೂಲ್. ಹೆಸರಲ್ಲೇ ಬೈಬಲ್ ಇದೆ, ಯಾರೂ ಏನನ್ನೂ ಮುಚ್ಚಿಡುತ್ತಿಲ್ಲ. ಸಾಮಾನ್ಯವಾಗಿ ಐದು ದಿನ, ದಿನಕ್ಕೆ ಎರಡು ಮೂರು ಗಂಟೆ. ಒಂದು ಬೈಬಲ್ ಕಥೆ, ಕೈಕಾಲು ಆಡಿಸಿಕೊಂಡು ಹೇಳುವ ಹಾಡುಗಳು, ಗೋಂದು ಬಣ್ಣದ ಕೆಲಸ, ಹುಲ್ಲಿನ ಮೇಲೆ ನೀರಾಟ, ತಿನ್ನಲು ಏನಾದರೊಂದು. ಪ್ರತಿ ವರ್ಷ ಒಂದು ಥೀಮ್ ಇರುತ್ತದೆ. ಒಮ್ಮೆ ಸಮುದ್ರ, ಒಮ್ಮೆ ಕಾಡು, ಒಮ್ಮೆ ಬಾಹ್ಯಾಕಾಶ. ಪಾಠ, ಹಾಡು ಎಲ್ಲ ಪ್ರಕಾಶಕರಿಂದ ಕಿಟ್ ಆಗಿ ಬರುತ್ತದೆ. ರಟ್ಟಿನ ತಿಮಿಂಗಿಲವನ್ನು ಮಾತ್ರ ಚರ್ಚಿನ ಸಭೆಗೆ ಸೇರಿದ ರಿಟೈರ್ಡ್ ಎಂಜಿನಿಯರ್ ಯಾರೋ ತಮ್ಮ ಗ್ಯಾರೇಜಿನಲ್ಲಿ ಕೂತು ಕತ್ತರಿಸಿರುತ್ತಾರೆ. ನಿಮ್ಮ ಮೊಮ್ಮಗ ಹೋದರೆ ಆ ಹಾಡುಗಳನ್ನು ಬಚ್ಚಲುಮನೆಯಲ್ಲಿ ಶಾಲೆ ಶುರುವಾಗುವ ತನಕ ಹಾಡುತ್ತಾನೆ. ಅದರಲ್ಲಿ ಯೇಸುವಿನ ಹೆಸರು ಇರುತ್ತದೆ. ಮಗಳಿಗೆ ಇದು ಸರಿಬರದಿದ್ದರೆ ‘ವಿಬಿಎಸ್ ಬೇಡ, ಪಿಕ್‌ನಿಕ್‌ಗೆ ಬರುತ್ತೇವೆ’ ಅಂತ ನೇರವಾಗಿ ಹೇಳಲಿ. ಸುಮ್ನೆ ಜ್ವರದ ನೆಪ ಹೇಳುವುದು ಬೇಡ. ಮತ್ತೆ ಇದು ಮಗಳು ಅಳಿಯ ಕೂತು ತೀರ್ಮಾನ ಮಾಡಬೇಕಾದ ವಿಷಯ, ನಾನೂ ನೀವೂ ಅಲ್ಲ.

ಹುಡುಗನನ್ನು ಹಿಡಿದು ಯಾರೂ ದೀಕ್ಷಾಸ್ನಾನ (ಕ್ರೈಸ್ತನಾಗಿಸುವ ನೀರಿನ ವಿಧಿ) ಮಾಡಿಸುವುದಿಲ್ಲ. ಪ್ರೆಸ್ಬಿಟೇರಿಯನ್ನರಲ್ಲಿ ಅದು ಪಾದ್ರಿಯೊಬ್ಬರ ಕೈಯಲ್ಲೇ ಇರುವ ವಿಷಯವಲ್ಲ. ಸಭೆಯವರು ತಮ್ಮಲ್ಲೇ ಕೆಲವರನ್ನು ಹಿರಿಯರು ಅಂತ ಆರಿಸುತ್ತಾರೆ, ಆ ಹಿರಿಯರ ಮಂಡಳಿಗೆ ಸೆಷನ್ ಅನ್ನುತ್ತಾರೆ. ದೀಕ್ಷಾಸ್ನಾನಕ್ಕೆ ಆ ಸೆಷನ್ ಒಪ್ಪಿಗೆ ಬೇಕು. ಚಿಕ್ಕ ಮಕ್ಕಳಾದರೆ ಹೆತ್ತವರು ಸಭೆ ಎದುರು ನಿಂತು ಮಾತು ಕೊಡಬೇಕು. ಮೀಟಿಂಗ್ ಮಾಡದೆ ಇವರು ಗೋಡೆಗೆ ಬಣ್ಣ ಕೂಡ ಹೊಡೆಸುವುದಿಲ್ಲ, ಅದನ್ನು ಅವರೇ ಹೇಳಿಕೊಂಡು ನಗುತ್ತಾರೆ.

ವಿಬಿಎಸ್ ಅನ್ನುವುದು ನಮ್ಮ ಕಡೆಗೆ ಹೊಸದೂ ಅಲ್ಲ. ಏಪ್ರಿಲ್ ಮೇ ರಜೆಯಲ್ಲಿ ಬೆಂಗಳೂರು, ಮಂಗಳೂರಿನ ಎಷ್ಟೋ ಚರ್ಚ್‌ಗಳಲ್ಲಿ ಕನ್ನಡದಲ್ಲೇ ನಡೆಯುತ್ತದೆ. ಶುರುವಾದ ರೀತಿಯೂ ಚೆನ್ನಾಗಿದೆ. 1898ರಲ್ಲಿ ನ್ಯೂಯಾರ್ಕ್‌ನ ಈಸ್ಟ್ ಸೈಡ್‌ನಲ್ಲಿ ಹಾಸ್ ಎಂಬ ಬ್ಯಾಪ್ಟಿಸ್ಟ್ ಪಂಗಡದ ಹೆಂಗಸು, ರಜೆಯಲ್ಲಿ ಬೀದಿ ಅಲೆಯುವ ಬಡ ಮಕ್ಕಳಿಗೆ ಏನಾದರೂ ಮಾಡಬೇಕು ಅಂತ ಹೊರಟರು. ಸಿಕ್ಕಿದ ಜಾಗ ಬಿಯರ್ ಅಂಗಡಿಯ ಹಾಲ್. ಅದನ್ನೇ ಬಾಡಿಗೆಗೆ ಹಿಡಿದು ಬೈಬಲ್ ಪಾಠ ಮಾಡಿದರು. ಆಮೇಲೆ ಪ್ರೆಸ್ಬಿಟೇರಿಯನ್ನರೂ ಸೇರಿ ಎಲ್ಲ ಪಂಗಡದವರೂ ಹಿಡಿದುಕೊಂಡರು.

ಕಳಿಸುವುದಾದರೆ ಒಂದು ವಿಷಯ ತಿಳಿದಿರಲಿ. ‘ನಾನೂ ಮೊಮ್ಮಗನ ಜೊತೆ ಕ್ಲಾಸಲ್ಲಿ ಕೂತಿರುತ್ತೇನೆ, ಸ್ವಲ್ಪ ಸಹಾಯ ಮಾಡುತ್ತೇನೆ’ ಅಂದರೆ ಅವರು ಬಹುಶಃ ಬೇಡ ಅನ್ನುತ್ತಾರೆ. ಅದು ಅವಮಾನ ಅಂದುಕೊಳ್ಳಬೇಡಿ. ಪೆನ್ಸಿಲ್ವೇನಿಯಾ ರಾಜ್ಯದ ಕಾನೂನಿನಂತೆ, ಮಕ್ಕಳ ಜವಾಬ್ದಾರಿ ಹೊರುವ ಸ್ವಯಂಸೇವಕರು ಪೊಲೀಸ್ ದಾಖಲೆ, ಮಕ್ಕಳ ಮೇಲಿನ ದೌರ್ಜನ್ಯದ ದಾಖಲೆ ಎರಡನ್ನೂ ಮೊದಲೇ ತಪಾಸಣೆ ಮಾಡಿಸಿಕೊಂಡಿರಬೇಕು. ಅಂಥ ಕಾಗದ ಕೇಳದ ಕಡೆಗೆ ಮಗುವನ್ನು ಕಳಿಸಬೇಡಿ ಅಂತಲೇ ನಾನು ಹೇಳುತ್ತೇನೆ, ಚರ್ಚ್ ಇರಲಿ, ಈಜು ಕ್ಲಾಸ್ ಇರಲಿ. ಫಾರಂನಲ್ಲಿ ಅಲರ್ಜಿ ಏನಿದೆ, ಏನು ತಿನ್ನುವುದಿಲ್ಲ ಅಂತ ಕೇಳಿರುತ್ತಾರೆ. ಸಸ್ಯಾಹಾರಿ ಆಗಿದ್ದರೆ ಅಲ್ಲಿ ಬರೆಯಿರಿ, ಜೊತೆಗೆ ‘ಜೆಲಾಟಿನ್ ಇರುವ ಮಿಠಾಯಿ ಬೇಡ’ ಅಂತ ಸೇರಿಸಿ. ಮಾರ್ಷ್‌ಮ್ಯಾಲೋ, ಅಲುಗಾಡುವ ಬಣ್ಣದ ಜೆಲ್ಲಿ ಇದರಲ್ಲೆಲ್ಲ ಇರುವುದು ಪ್ರಾಣಿ ಮೂಳೆ ಚರ್ಮದಿಂದ ತೆಗೆದದ್ದು, ಅದು ಅಲ್ಲಿನವರಿಗೇ ಎಷ್ಟೋ ಸಲ ನೆನಪಿರುವುದಿಲ್ಲ.

ಇನ್ನು ನಿಮ್ಮ ಎರಡನೇ ಪ್ರಶ್ನೆ, ಪೂಜೆ ಯಾವಾಗ ಅನ್ನೋದು. ಆರಾಧನೆ ಪ್ರತಿ ಭಾನುವಾರ ಇದ್ದೇ ಇರುತ್ತದೆ, ಬೇಸಿಗೆಯಲ್ಲಿ ಸ್ವಲ್ಪ ಸಡಿಲ ಅಷ್ಟೆ. ಹಾಡುವ ತಂಡಕ್ಕೆ ರಜೆ. ಎರಡು ಆರಾಧನೆ ಇದ್ದ ಕಡೆ ಒಂದೇ. ಹಳೇ ಕಲ್ಲಿನ ಕಟ್ಟಡದಲ್ಲಿ ಎಸಿ ಇಲ್ಲದಿದ್ದರೆ ಯಾವುದಾದರೂ ಪಾರ್ಕಿನ ಚಪ್ಪರದಡಿ ಸೇರುತ್ತಾರೆ, ಮನೆಯಿಂದ ಮಡಚುವ ಕುರ್ಚಿ ತರುತ್ತಾರೆ. ಪಾದ್ರಿಯೂ ರಜೆಗೆ ಹೋಗುತ್ತಾರೆ, ಆ ವಾರ ಹಿರಿಯರಲ್ಲಿ ಯಾರಾದರೂ ಪ್ರಸಂಗ, ಅಂದರೆ ಪ್ರವಚನ, ಮಾಡುತ್ತಾರೆ. ಜನ ಕಡಿಮೆ, ಕಾಣಿಕೆ ತಟ್ಟೆಯೂ ಹಗುರ, ಖಜಾಂಚಿ ಮುಖ ಸಣ್ಣದು ಮಾಡಿಕೊಂಡು ಓಡಾಡುತ್ತಿರುತ್ತಾರೆ.

ಬಯಲಲ್ಲಿ ಸೇರುವುದು ಇವರಿಗೆ ಈಚಿನ ಫ್ಯಾಷನ್ ಅಂದುಕೊಳ್ಳಬೇಡಿ. ಇವರ ಮೂಲ ಸ್ಕಾಟ್ಲೆಂಡ್. ಅಲ್ಲಿ ಹಿಂದಿನ ಕಾಲದಲ್ಲಿ ಕರ್ತನ ಭೋಜನ (ಯೇಸುವಿನ ನೆನಪಿಗೆ ರೊಟ್ಟಿ ದ್ರಾಕ್ಷಾರಸ ಹಂಚಿಕೊಳ್ಳುವ ವಿಧಿ) ವರ್ಷಕ್ಕೆ ಒಂದೆರಡು ಸಲ ಮಾತ್ರ, ಹೆಚ್ಚಾಗಿ ಬೇಸಿಗೆಯಲ್ಲಿ. ಸುತ್ತಲಿನ ಊರಿನವರೆಲ್ಲ ನಡೆದುಕೊಂಡು ಬಂದು, ಗುರುವಾರದಿಂದ ಸೋಮವಾರದವರೆಗೆ ಉಪವಾಸ, ಪ್ರಸಂಗ, ಭೋಜನ, ಕೃತಜ್ಞತೆ ಅಂತ ಬಯಲಲ್ಲೇ ಇರುತ್ತಿದ್ದರು. ನಡತೆ ಸರಿಯಿದೆ ಅಂತ ಹಿರಿಯರು ಒಪ್ಪಿದವರಿಗೆ ಸೀಸದ ಚಿಕ್ಕ ಬಿಲ್ಲೆ ಸಿಗುತ್ತಿತ್ತು, ಅದನ್ನು ಕೊಟ್ಟರೇನೇ ಮೇಜಿನ ಹತ್ತಿರ ಜಾಗ. ಆ ಸ್ಕಾಟ್ಲೆಂಡಿನ ಜನ ಮೊದಲು ಉತ್ತರ ಐರ್ಲೆಂಡಿಗೆ ಹೋದರು, ಅಲ್ಲಿಂದ 18ನೇ ಶತಮಾನದಲ್ಲಿ ಹಿಂಡುಹಿಂಡಾಗಿ ಪೆನ್ಸಿಲ್ವೇನಿಯಾಗೆ ಬಂದರು. ಈ ರೂಢಿಯೂ ಅವರ ಜೊತೆ ಬಂತು. 1801ರ ಆಗಸ್ಟ್‌ನಲ್ಲಿ ಕೆಂಟಕಿಯ ಕೇನ್ ರಿಡ್ಜ್ ಅನ್ನುವ ಕಡೆ ಇಂಥದ್ದೇ ಒಂದು ಕರ್ತನ ಭೋಜನಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಜನ ಗಾಡಿ ಕಟ್ಟಿಕೊಂಡು ಬಂದರು ಅಂತ ಲೆಕ್ಕ. ಜನ ಅಳುತ್ತಾ ಕೂಗುತ್ತಾ ನೆಲಕ್ಕೆ ಬಿದ್ದರು. ಶಿಸ್ತಿನ ಪ್ರೆಸ್ಬಿಟೇರಿಯನ್ ಪಾದ್ರಿಗಳಿಗೆ ಇದು ಹಿಡಿಸಲಿಲ್ಲ, ಜನರನ್ನು ಕರೆದಿದ್ದ ಪಾದ್ರಿ ಬಾರ್ಟನ್ ಸ್ಟೋನ್ ಕೆಲವೇ ವರ್ಷದಲ್ಲಿ ಪಂಗಡ ಬಿಟ್ಟು ಹೊರಟರು. ಈಗ ನೀವು ಪಿಕ್‌ನಿಕ್‌ನಲ್ಲಿ ನೋಡುವವರು ಆ ಶಿಸ್ತಿನವರ ಕಡೆಯವರು. ಕೂಗಾಟ ಏನೂ ಇರುವುದಿಲ್ಲ.

ನಾನು ಹಿಂದೆ ಕೆಲವು ವರ್ಷ ಅದೇ ಸೀಮೆಯಲ್ಲಿ ಇದ್ದವಳು. ಚರ್ಚಿನವಳಲ್ಲ, ಆದರೆ ಇಂಥದ್ದೇ ಒಂದು ಚರ್ಚಿನ ನೆಲಮಾಳಿಗೆಯ ಅಡುಗೆಮನೆಯಲ್ಲಿ ಬೇಕಾದಷ್ಟು ಪಾತ್ರೆ ತೊಳೆದಿದ್ದೇನೆ. ನಿಮಗೆ ಆ ಸಭೆ ಏನು ಅಂತ ಗೊತ್ತಾಗಬೇಕಾದರೆ ಮೇಲಿನ ಬಣ್ಣದ ಗಾಜು ನೋಡುವುದಕ್ಕಿಂತ ಕೆಳಗಿಳಿದು ಅಡುಗೆಮನೆ ನೋಡಿ. ಪ್ರತಿ ಡ್ರಾಯರ್ ಮೇಲೆ ಕಾಗದದ ಟೇಪ್ ಅಂಟಿಸಿ ‘ಸೌಟು’, ‘ಚಾಕು’, ‘ಇದನ್ನು ಇಲ್ಲಿಂದ ತೆಗೆಯಬೇಡಿ’ ಅಂತ ಬರೆದಿರುತ್ತಾರೆ. ಕಾಫಿ ಯಂತ್ರದ ಪಕ್ಕ ಅದನ್ನು ಬಳಸುವುದು ಹೇಗೆ ಅಂತ ಇಡೀ ಪುಟದ ಸೂಚನೆ, ಅದರ ಕೆಳಗೆ ಇನ್ಯಾರದೋ ಕೈಬರಹದಲ್ಲಿ ತಿದ್ದುಪಡಿ. ಗೋಡೆಗುಂಟ ಕ್ರಾಕ್‌ಪಾಟ್‌ಗಳ, ಅಂದರೆ ಕರೆಂಟಿನಲ್ಲಿ ನಿಧಾನವಾಗಿ ಬೇಯಿಸುವ ಪಾತ್ರೆಗಳ, ಸಾಲು. ಒಂದೇ ಲೈನಿಗೆ ನಾಲ್ಕೈದು ಹಾಕಿ ಫ್ಯೂಸ್ ಹೋಗಿ, ಇಬ್ಬರು ಹಿರಿಯರು ಟಾರ್ಚ್ ಹಿಡಿದುಕೊಂಡು ತಪ್ಪು ಯಾರದು ಅಂತ ಬಹಳ ಮರ್ಯಾದೆಯಿಂದ ವಾದ ಮಾಡಿದ್ದು ನೋಡಿದ್ದೇನೆ. ತಂದ ಗಾಜಿನ ತಟ್ಟೆಗಳ ತಳದಲ್ಲೆಲ್ಲ ಟೇಪಿನ ಮೇಲೆ ಮನೆಯವರ ಹೆಸರು, ನಮ್ಮ ಸ್ಟೀಲ್ ಪಾತ್ರೆಗೆ ಹೆಸರು ಕೊರೆಸಿರುತ್ತೇವಲ್ಲ, ಹಾಗೆ. ಸತ್ತುಹೋದವರ ಹೆಸರಿನ ತಟ್ಟೆಗಳೂ ಅಲ್ಲಿ ಇನ್ನೂ ಬಳಕೆಯಲ್ಲಿರುತ್ತವೆ.

ಈ ಅಡುಗೆಮನೆಗೆ ಬೇಸಿಗೆಯಲ್ಲೇ ಕೆಲಸ ಜಾಸ್ತಿ. ಕಾರಣ ಪಿಕ್‌ನಿಕ್ ಒಂದೇ ಅಲ್ಲ. ಅಲ್ಲಿ ಜೂನ್‌ನಲ್ಲಿ ಶಾಲೆ ಮುಚ್ಚಿದರೆ ತೆರೆಯುವುದು ಆಗಸ್ಟ್ ಕೊನೆಗೆ. ಶಾಲೆಯ ಬಿಸಿಯೂಟವನ್ನೇ ನಂಬಿಕೊಂಡ ಮಕ್ಕಳು ಅಮೆರಿಕದಲ್ಲೂ ಇದ್ದಾರೆ ಅಮ್ಮಾ, ನಿಮ್ಮ ಮಗಳ ಬೀದಿಯಲ್ಲಿ ಕಾಣದಿರಬಹುದು, ನಾಲ್ಕು ಮೈಲಿ ಆಚೆ ಕಾಣುತ್ತಾರೆ. ರಜೆಯಲ್ಲಿ ಅವರಿಗೆ ಊಟ ಕೊಡಲು 1968ರಿಂದ ಒಂದು ಸರ್ಕಾರಿ ಯೋಜನೆ ಇದೆ. ದುಡ್ಡು ಸರ್ಕಾರದ್ದು, ಜಾಗ ಮತ್ತು ಕೈ ಹೆಚ್ಚಾಗಿ ಊರಿನವರದ್ದು. ಎಷ್ಟೋ ಚರ್ಚ್‌ಗಳ ಹಾಲ್ ಅದಕ್ಕೆ ಬಳಕೆಯಾಗುತ್ತದೆ. ಆಗಸ್ಟ್ ಬಂತು ಅಂದರೆ ಬ್ಯಾಗು, ನೋಟ್‌ಬುಕ್ಕು, ಪೆನ್ಸಿಲ್ ಕೂಡಿಸುವ ಡಬ್ಬ ಬಾಗಿಲಲ್ಲಿ ಇಡುತ್ತಾರೆ. ಹೈಸ್ಕೂಲ್ ಹುಡುಗ ಹುಡುಗಿಯರು ಕಾರು ತೊಳೆದು, ಸ್ಪಗೆಟಿ ಊಟ ಮಾರಿ ದುಡ್ಡು ಎತ್ತುತ್ತಾರೆ, ಆ ದುಡ್ಡಲ್ಲಿ ಒಂದು ವಾರ ಅಪಲಾಚಿಯ ಬೆಟ್ಟದ ಊರುಗಳಿಗೆ ಹೋಗಿ ಬಡವರ ಮನೆಗಳ ಸೂರು, ಮೆಟ್ಟಿಲು ರಿಪೇರಿ ಮಾಡುತ್ತಾರೆ. 1969ರಲ್ಲಿ ಒಬ್ಬ ಮೆಥಡಿಸ್ಟ್ ಪಾದ್ರಿ ಶುರುಮಾಡಿದ ಕೆಲಸ ಅದು, ಈಗ ಎಲ್ಲ ಪಂಗಡದ ಮಕ್ಕಳೂ ಹೋಗುತ್ತಾರೆ. ಮನೆಯಲ್ಲಿ ಸ್ವಂತ ಹಾಸಿಗೆ ಮಡಚದ ಹುಡುಗ ಅಲ್ಲಿ ಸುತ್ತಿಗೆ ಹಿಡಿಯುತ್ತಾನೆ. ನಿಮ್ಮ ಮನೆ ಬಾಗಿಲಿಗೆ ಯಾರಾದರೂ ಹುಡುಗಿ ಊಟದ ಟಿಕೆಟ್ ಹಿಡಿದು ಬಂದರೆ ಇದಕ್ಕೇ ಇರಬಹುದು, ಎರಡು ಕೊಳ್ಳಿ.

ಹಾಗಾದರೆ ಕರೆಯುವುದು ಯಾಕೆ? ಒಳ್ಳೆ ಮನಸ್ಸು ಖಂಡಿತ. ಜೊತೆಗೆ ಒಂದು ಅಳಲೂ ಇದೆ. ಅಲ್ಲಿನ ದೊಡ್ಡ ಪ್ರೆಸ್ಬಿಟೇರಿಯನ್ ಸಂಘಟನೆ 1983ರಲ್ಲಿ ಉತ್ತರದವರು ದಕ್ಷಿಣದವರು ಒಂದಾದಾಗ ಶುರುವಾಯಿತು, ಆಗ ಸದಸ್ಯರು 30 ಲಕ್ಷಕ್ಕೂ ಹೆಚ್ಚು. 2023ರ ಕೊನೆಗೆ 11 ಲಕ್ಷಕ್ಕಿಂತ ಕಡಿಮೆ. ವಿಬಿಎಸ್‌ಗೆ ಬರುವ ಮಕ್ಕಳಲ್ಲಿ ಅರ್ಧಕ್ಕರ್ಧ ಹೊರಗಿನವರೇ ಇರುವ ಸಭೆಗಳಿವೆ. ಪಕ್ಕದ ಮನೆಯಾಕೆಗೆ ತನ್ನ ಮಕ್ಕಳು ಆಡಿ ಬೆಳೆದ ಹಾಲ್‌ನಲ್ಲಿ ಮತ್ತೆ ಮಕ್ಕಳ ಗಲಾಟೆ ಕೇಳಬೇಕು ಅನ್ನಿಸಿದ್ದರೆ ಅದು ಸಂಚು ಅಂತ ನನಗಂತೂ ಅನ್ನಿಸುವುದಿಲ್ಲ. ನೀವೂ ಮೊಮ್ಮಗನನ್ನು ಪೆನ್‌ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿರುತ್ತೀರಿ ಅಲ್ವಾ? 1976ರಿಂದ ಇರುವ ದೇವಸ್ಥಾನ ಅದು. ಒಂದು ಭಾನುವಾರ ಆಕೆಯನ್ನೂ ಕರೆದುಕೊಂಡು ಹೋಗಿ, ಪುಳಿಯೋಗರೆ ಕೊಡಿಸಿ. ಕರೆಗೆ ಕರೆ, ಲೆಕ್ಕ ಸರಿಹೋಗುತ್ತೆ.

ಹೆಂಗಸು ಪಾದ್ರಿ ಅಂತ ಆಶ್ಚರ್ಯಪಟ್ಟಿದ್ದೀರಿ. ಅಲ್ಲಿ ‘ಪ್ರೆಸ್ಬಿಟೇರಿಯನ್’ ಅಂತ ಬೋರ್ಡ್ ಇರುವ ಪಂಗಡಗಳು ಹಲವು. ಈ ದೊಡ್ಡ ಸಂಘಟನೆಯಲ್ಲಿ ಸೇರಿದ ಉತ್ತರದವರು 1956ರಲ್ಲೇ ಮಾರ್ಗರೆಟ್ ಟೌನರ್ ಅವರಿಗೆ ಪಾದ್ರಿ ದೀಕ್ಷೆ ಕೊಟ್ಟರು. 1973ರಲ್ಲಿ ಬೇರೆಯಾಗಿ ಹೋದ ಇನ್ನೊಂದು ಪಂಗಡ ಇವತ್ತಿಗೂ ಹೆಂಗಸರಿಗೆ ಕೊಡುವುದಿಲ್ಲ. ಹಾಗಾಗಿ ನಿಮ್ಮ ಬೀದಿಯದು ಆ ಎರಡನೆಯದಂತೂ ಅಲ್ಲ. ಚಡ್ಡಿ ವಿಷಯಕ್ಕೆ ಬಂದರೆ, ಜುಲೈ ಸೆಖೆಯಲ್ಲಿ ನಿಲುವಂಗಿ ಹಾಕಿಕೊಂಡು ಗಿಡಕ್ಕೆ ನೀರು ಹಾಕಲು ಆಗುತ್ತಾ? ಮಕ್ಕಳ ಟಿವಿ ಕಾರ್ಯಕ್ರಮದಿಂದ ಅಮೆರಿಕಕ್ಕೆಲ್ಲ ಮನೆಮಾತಾದ ಫ್ರೆಡ್ ರೋಜರ್ಸ್ ಕೂಡ ಪಿಟ್ಸ್‌ಬರ್ಗ್‌ನಲ್ಲಿ 1963ರಲ್ಲಿ ದೀಕ್ಷೆ ಪಡೆದ ಪ್ರೆಸ್ಬಿಟೇರಿಯನ್ ಪಾದ್ರಿ. ಅವರು ಸ್ವೆಟರ್ ಹಾಕಿಕೊಂಡೇ ಕೆಲಸ ಮುಗಿಸಿದರು.

ಈಗ ಅಡುಗೆ. ಚಿತ್ರಾನ್ನ ಮಾಡಿ. ಆರಿದರೂ ರುಚಿ ಕೆಡುವುದಿಲ್ಲ, ಚಮಚದಲ್ಲಿ ತಿನ್ನಬಹುದು. ಹಸಿಮೆಣಸಿನಕಾಯಿ ಸೀಳಿ ಹಾಕಿ ಆಮೇಲೆ ಆರಿಸಿ ತೆಗೆದುಬಿಡಿ, ಪಾಪ ಯಾರೋ ಅದನ್ನು ಬೀನ್ಸ್ ಅಂದುಕೊಂಡು ಕಚ್ಚುತ್ತಾರೆ. ಕಡಲೆಬೀಜ ಬೇಡವೇ ಬೇಡ. ಅಲ್ಲಿ ಕಡಲೆಬೀಜದ ಅಲರ್ಜಿ ಇರುವ ಮಕ್ಕಳಿಗೆ ಅದು ಪ್ರಾಣಕ್ಕೇ ಬರಬಹುದು. ಬದಲಿಗೆ ಕಡಲೆಬೇಳೆ ಜಾಸ್ತಿ ಹಾಕಿ, ಏನೇನು ಹಾಕಿದ್ದೀರಿ ಅಂತ ಚೀಟಿಯಲ್ಲಿ ಬರೆದು ಪಾತ್ರೆ ಮುಂದೆ ಇಡಿ. ನೀವು ತಿನ್ನುವಾಗ ಆಲೂಗಡ್ಡೆ ಸಲಾಡ್‌ನಲ್ಲಿ ಮೊಟ್ಟೆ ಇರುತ್ತದೆ, ಹುರುಳಿಕಾಯಿ ಪಲ್ಯದಂತೆ ಕಾಣುವುದರಲ್ಲಿ ಹಂದಿಮಾಂಸದ ಚೂರು ಇರಬಹುದು. ಸಂಕೋಚ ಬೇಡ, ಕೇಳಿ. ಮೆಕ್ಕೆಜೋಳ, ಕಲ್ಲಂಗಡಿ, ಹಣ್ಣಿನ ಪೈ ಧೈರ್ಯವಾಗಿ ತಿನ್ನಬಹುದು, ಆದರೂ ಪೈ ಹಿಟ್ಟಿಗೆ ಹಂದಿ ಕೊಬ್ಬು ಹಾಕುವ ಹಳೇ ಕಾಲದವರು ಇದ್ದಾರೆ, ಅದನ್ನೂ ಒಂದು ಮಾತು ಕೇಳಿಬಿಡಿ. ಊಟಕ್ಕೆ ಮುಂಚೆ ಆರಾಧನೆ ಇದ್ದರೆ ಸುಮ್ನೆ ಕೂತಿರಿ, ರೊಟ್ಟಿ ದ್ರಾಕ್ಷಾರಸ ಬಂದಾಗ ಪಕ್ಕಕ್ಕೆ ದಾಟಿಸಿ. ತಟ್ಟೆಗೆ ದುಡ್ಡು ಹಾಕಲೇಬೇಕು ಅಂತೇನೂ ಇಲ್ಲ, ಅತಿಥಿಗಳಿಂದ ಅದನ್ನು ಯಾರೂ ನಿರೀಕ್ಷಿಸುವುದಿಲ್ಲ. ಊಟ ಆದ ಮೇಲೆ ಮಾತ್ರ ಎದ್ದು ಹೋಗಬೇಡಿ. ಯಾರಾದರೂ ಒಂದು ಒರೆಸುವ ಬಟ್ಟೆ ಕೈಗೆ ಕೊಡುತ್ತಾರೆ, ಕೊಟ್ಟರೆ ನಿಮ್ಮನ್ನು ಸೇರಿಸಿಕೊಂಡರು ಅಂತ ಅರ್ಥ.

ಸೀರೆ ಧಾರಾಳವಾಗಿ ಉಡಿ, ಕಾಟನ್ ಆಗಿರಲಿ, ಅಂಚು ಸ್ವಲ್ಪ ಮೇಲಕ್ಕೇ ಇರಲಿ. ಪಾರ್ಕಿನ ಹುಲ್ಲಲ್ಲಿ ಉಣ್ಣಿ ಹುಳು ಇರುತ್ತವೆ, ಅಲ್ಲಿ ಅವು ಕಚ್ಚಿದರೆ ಲೈಮ್ ಅನ್ನುವ ಕೆಟ್ಟ ಕಾಯಿಲೆ ಬರಬಹುದು. ಸಾಕ್ಸ್ ಬೂಟು ಹಾಕಿಕೊಳ್ಳಿ, ಮನೆಗೆ ಬಂದ ಮೇಲೆ ಮೊಮ್ಮಗನ ಕಿವಿ ಹಿಂದೆ, ಮೊಣಕಾಲ ಸಂದಿಯಲ್ಲಿ ಒಂದು ಸಲ ನೋಡಿಬಿಡಿ.

ನಿಮ್ಮ
ಸಂಪಾದಕಿ