ಹಳೆ ಮಾರುತಿ 800ರ ಎಂಜಿನ್ ಕೆಲಸ ಮಾಡಿಸಲಾ, ಝೆನ್ ಎಂಜಿನ್ ಕೂರಿಸಲಾ?

800ರ ಎಂಜಿನ್ ಸಣ್ಣದು, ಐದು ಜನ ಕೂತು ಎಸಿ ಹಾಕಿದರೆ ಘಾಟ್ ಹತ್ತಲ್ಲ, ಝೆನ್ ಎಂಜಿನ್ ಕೂರಿಸಲಾ ಅನ್ನುವ ನಿಮ್ಮ ಪ್ರಶ್ನೆ ಓದಿ ನಗು ಬಂತು, ಹೊಟ್ಟೆಯೂ ಉರಿಯಿತು. 2011ರಲ್ಲಿ ಇದನ್ನೇ ಕೇಳಿಕೊಂಡು ಹುಬ್ಬಳ್ಳಿಯ ಗ್ಯಾರೇಜುಗಳನ್ನೆಲ್ಲ ಸುತ್ತಿದವನು ನಾನು.

ನನ್ನದು 1998ರ ಕಾರ್ಬ್ಯುರೇಟರ್ ಗಾಡಿ. ಗದಗದಿಂದ ಅಣ್ಣಿಗೇರಿ ಮೇಲೆ ಹುಬ್ಬಳ್ಳಿಗೆ ಆರಾಮಾಗಿ ಹೋಗುತ್ತಿತ್ತು, ರಸ್ತೆ ಸಪಾಟು ಅಲ್ವಾ. ಒಮ್ಮೆ ಮನೆಯವರನ್ನೆಲ್ಲ ಕರೆದುಕೊಂಡು ಅಂಕೋಲಾಕ್ಕೆ ಹೋಗಿದ್ದೆ. ವಾಪಸ್ ಬರುವಾಗ ಅರಬೈಲ್ ಘಾಟ್ ಹತ್ತಲೇ ಇಲ್ಲ. ಎಸಿ ಬಂದ್, ಫಸ್ಟ್ ಗೇರ್, ಹಿಂದೆ ಲಾರಿಗಳ ಹಾರ್ನ್. ಕೊನೆಗೆ ಮಾವನವರು ಇಳಿದು ನಡೆದರು. ಆ ಮರ್ಯಾದೆ ಪ್ರಶ್ನೆಗೇ ಝೆನ್ ಎಂಜಿನ್ ತಂದೆ. 993 ಸಿಸಿ, ನಾಲ್ಕು ಸಿಲಿಂಡರ್. ಗುಜರಿಯಲ್ಲಿ ಸಿಕ್ಕಿತು, ಬಿಲ್ ಕೇಳಲಿಲ್ಲ. ಮೌಂಟಿಂಗ್‌ಗಳನ್ನು ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದೆವು. ಗಾಡಿ ಹಾರುತ್ತಿತ್ತು, ಸುಳ್ಳು ಹೇಳಲ್ಲ. ಬ್ರೇಕ್ ಮಾತ್ರ ಹಳೆಯದೇ. ಕುಂದಗೋಳ ರಸ್ತೆಯಲ್ಲಿ ಒಂದು ಟ್ರ್ಯಾಕ್ಟರ್ ಟ್ರೇಲರ್ ಕೂದಲೆಳೆಯಲ್ಲಿ ತಪ್ಪಿತು.

ತಪ್ಪು ಅದಲ್ಲ. ಹಳೆ ಎಂಜಿನ್ನನ್ನು ಕೆಜಿ ಲೆಕ್ಕದಲ್ಲಿ ಮಾರಿಬಿಟ್ಟೆ ನೋಡಿ, ಅದು ತಪ್ಪು. ಎಂಜಿನ್ ನಂಬರ್ ಹೊಡೆದಿರುವುದು ಬ್ಲಾಕ್ ಮೇಲೆ, ಅಂದರೆ ಸಿಲಿಂಡರ್‌ಗಳಿರುವ ಎಂಜಿನ್ನಿನ ಮುಖ್ಯ ಲೋಹದ ಭಾಗದ ಮೇಲೆ. ಆರ್‌ಸಿಯಲ್ಲಿ ಇರುವುದೂ ಅದೇ ನಂಬರ್. ಪಿಸ್ಟನ್ ಬದಲಿಸಿ, ಹೆಡ್ ಬದಲಿಸಿ, ಕ್ರ್ಯಾಂಕ್ ಬದಲಿಸಿ, ನಂಬರ್ ಹಾಗೇ ಇರುತ್ತದೆ. ಬ್ಲಾಕ್ ಹೋಯಿತೋ, ಕಾಗದದ ಮೇಲೆ ಆ ಗಾಡಿಯೇ ನಿಮ್ಮ ಹತ್ತಿರ ಇಲ್ಲ. 2013ಕ್ಕೆ ಹದಿನೈದು ವರ್ಷ ತುಂಬಿತು, ಆರ್‌ಸಿ ರಿನೀವಲ್‌ಗೆ ಹೋದೆ. ಇನ್ಸ್‌ಪೆಕ್ಟರ್ ಬಟ್ಟೆಯಿಂದ ಗ್ರೀಸ್ ಒರೆಸಿ, ಬಗ್ಗಿ ನೋಡಿ, ಆರ್‌ಸಿ ನೋಡಿ, ಮತ್ತೆ ಬಗ್ಗಿದರು. "ಇದು ಯಾರ ಎಂಜಿನ್ ರೀ ಸರ್?" ಬಿಲ್ ಇಲ್ಲ, ಅನುಮತಿ ಇಲ್ಲ, ಏನು ಹೇಳಲಿ? ಹಳೆಯದನ್ನೇ ವಾಪಸ್ ಕೂರಿಸೋಣ ಅಂತ ಗುಜರಿಗೆ ಓಡಿದೆ. ಎರಡು ವರ್ಷದ ಹಿಂದಿನ ಬ್ಲಾಕ್ ಯಾರು ಇಟ್ಟುಕೊಂಡಿರುತ್ತಾರೆ? ಒಡೆದು ಕರಗಿಸೋಕೆ ಕಳಿಸಿ ಆಗಿತ್ತು.

ಎಂಜಿನ್ ಬದಲಿಸಬಾರದು ಅಂತಿಲ್ಲ. ಅದೇ ಕಂಪನಿಯ, ಅದೇ ಮಾದರಿಯದ್ದಾಗಿರಬೇಕು, ಆರ್‌ಟಿಓ ಅನುಮತಿ ಬೇಕು. 800ಕ್ಕೆ ಝೆನ್ ಎಂಜಿನ್ ಆ ಲೆಕ್ಕಕ್ಕೆ ಬರುವುದಿಲ್ಲ. ಕಂಪನಿ ಕೊಟ್ಟ ವಿವರ ಬದಲಾಗುವಂತೆ ಗಾಡಿ ಮಾರ್ಪಡಿಸುವ ಹಾಗಿಲ್ಲ ಅಂತ 2019ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ.

ಇನ್ನು ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆ ಇಲ್ಲ. ಎಂಜಿನ್ ಸಣ್ಣದು ಅಂತೀರಿ, ಕಂಪ್ರೆಶನ್ (ಸಿಲಿಂಡರ್ ಒಳಗಿನ ಒತ್ತಡ) ಚೆಕ್ ಮಾಡಿಸಿದ್ದೀರಾ? ನನ್ನ ಹಳೆ ಎಂಜಿನ್ ಬಿಚ್ಚಿದಾಗ ಒಂದು ಸಿಲಿಂಡರಿನ ರಿಂಗ್ ಪೂರ್ತಿ ಸವೆದಿತ್ತು, ಕ್ಲಚ್ ಪ್ಲೇಟೂ ಮುಗಿದಿತ್ತು. ಮೂರರಲ್ಲಿ ಎರಡೇ ಸಿಲಿಂಡರ್ ದುಡಿದರೆ ಅರಬೈಲ್ ಹೇಗೆ ಹತ್ತಬೇಕು ಪಾಪ? "ರೀಬೋರ್ ಸಾಕು ಅಣ್ಣಾ" ಅಂತ ಮೆಕ್ಯಾನಿಕ್ ಅಂದಿದ್ದ, ಅಂದರೆ ಸವೆದ ಸಿಲಿಂಡರನ್ನು ಸ್ವಲ್ಪ ಅಗಲಕ್ಕೆ ಕೊರೆದು ದೊಡ್ಡ ಪಿಸ್ಟನ್ ಹಾಕುವುದು. 68.5 ಮಿಮೀ ಬೋರನ್ನು 69 ಮಾಡಿದರೆ 796 ಸಿಸಿ ಹೋಗಿ ಸುಮಾರು 808 ಆಗುತ್ತದೆ, ಪುಕ್ಕಟೆ 12 ಸಿಸಿ! ನಂಬರ್ ಅದೇ. ನನ್ನ ಕಿವಿಗೆ ಹೋಗಲಿಲ್ಲ.

ಐದು ಜನ, ಎಸಿ, ಘಾಟ್ ಎಲ್ಲ ಬೇಕೇಬೇಕು ಅಂದರೆ 800 ಮಾರಿ ಸೆಕೆಂಡ್‌ ಹ್ಯಾಂಡ್ ಸ್ವಿಫ್ಟ್ ತಗೊಳ್ಳಿ. ನನ್ನ ಗಾಡಿ ಬೆಟಗೇರಿಯ ಹಿತ್ತಲಲ್ಲಿದೆ. ಝೆನ್ ಎಂಜಿನ್ ಈಗಲೂ ಒಂದೇ ಸೆಲ್ಫ್‌ಗೆ ಶುರುವಾಗುತ್ತದೆ. ಗೇಟ್ ದಾಟುವ ಹಾಗಿಲ್ಲ, ಅಷ್ಟೆ.