ಲೆಕ್ಕಕ್ಕೆ ಬಾರದ ಹೆಜ್ಜೆಗಳು

ಸಕ್ಕರೆ ಕಾಯಿಲೆಯಿಂದ ಪಾದದಲ್ಲಿ ಹುಣ್ಣಾದವರು "ಬೂಟು ಹಾಕ್ಕೊಂಡೇ ಇದೀನಿ" ಎನ್ನುತ್ತಾರೆ, ಹುಣ್ಣು ಮಾತ್ರ ಮಾಯುವುದಿಲ್ಲ. ಇಂಥವರು ನನ್ನ ಬಳಿ ಮೇಲಿಂದ ಮೇಲೆ ಬರುತ್ತಿರುವುದರಿಂದ ಒಬ್ಬರ ಕತೆಯನ್ನು, ಗುರುತು ಸಿಗದಂತೆ ಬದಲಿಸಿ, ಬರೆಯುತ್ತಿದ್ದೇನೆ.

ಅರವತ್ತರ ಹತ್ತಿರದವರು. ಹಳೆಯ ಸಕ್ಕರೆ ಕಾಯಿಲೆಯಿಂದ ನರಗಳು ಸೋತು ಪಾದ ಮರಗಟ್ಟಿದೆ. ಹಿಂದಿನ ವರ್ಷ ಒಂದು ಹೆಬ್ಬೆರಳು ತೆಗೆದಿದ್ದರು. ಹೆಬ್ಬೆರಳು ಹೋದರೆ ಅದು ಹೊರುತ್ತಿದ್ದ ಭಾರ ಪಕ್ಕದ ಬೆರಳುಗಳ ಬುಡಕ್ಕೆ ಬೀಳುತ್ತದೆ. ಇವರಿಗೂ ಎರಡನೇ ಬೆರಳಿನ ಬುಡದಲ್ಲಿ ಚರ್ಮ ಜಡ್ಡುಗಟ್ಟಿ ಒಳಗೆ ಹುಣ್ಣಾಗಿತ್ತು. ಭಾರ ತಪ್ಪಿಸುವ ಬೂಟು ಕೊಟ್ಟು ಮೂರು ತಿಂಗಳಾಗಿತ್ತು. "ಹೇಳಿದ್ದು ಕೇಳಲ್ಲ, ನೀವೇ ಮಾತಾಡಿ" ಎಂದು ವೈದ್ಯರು ಕಳಿಸಿದರು.

ಎರಡನೇ ಭೇಟಿಗೆ ಮನೆಯಲ್ಲಿ ಮೆಟ್ಟುವ ಚಪ್ಪಲಿಯನ್ನೂ ತರಲು ಹೇಳಿದ್ದೆ. ಎರಡನ್ನೂ ನೆಲದ ಮೇಲೆ ಪಕ್ಕಪಕ್ಕ ಇಟ್ಟೆ. ಬೂಟಿನ ಅಡಿಯ ಗೆರೆಗಳು ಸವೆದೇ ಇರಲಿಲ್ಲ. ಚಪ್ಪಲಿಯಲ್ಲಿ, ಹುಣ್ಣಿನ ಜಾಗಕ್ಕೆ ಸರಿಯಾಗಿ, ಕಂದು ಕಲೆಯ ಒಂದು ಗುಳಿ.

ಬಹಳ ಹೊತ್ತು ನೋಡಿ ಕೇಳಿದರು: "ಮನೆಯೊಳಗೆ ಓಡಾಡೋದನ್ನೂ ನಡಿಗೆ ಅಂತ ಲೆಕ್ಕ ಹಿಡೀತೀರಾ ಮೇಡಂ?"

ಅವರು ಸುಳ್ಳು ಹೇಳಿರಲಿಲ್ಲ. ಹೊರಗೆ ಹೊರಟಾಗಲೆಲ್ಲ ಬೂಟು ತೊಟ್ಟಿದ್ದರು. ಬಚ್ಚಲಿಗೆ, ಬಾಗಿಲಿಗೆ, ರಾತ್ರಿ ನೀರು ಕುಡಿಯಲು ಎದ್ದದ್ದು ಲೆಕ್ಕಕ್ಕೇ ಬಂದಿರಲಿಲ್ಲ. "ಹುಣ್ಣಿದ್ರೂ ಒಂಚೂರೂ ಕುಂಟಲ್ಲ ಇವರು" ಎಂದರು ಹೆಂಡತಿ, ಹೆಮ್ಮೆಯಿಂದಲೇ. ಆ ಮಾತು ನನ್ನನ್ನು ಇಂದಿಗೂ ಬಿಟ್ಟಿಲ್ಲ. ನೋವಿರುವವರು ಕುಂಟುತ್ತಾರೆ, ಕುಂಟುವುದರಿಂದಲೇ ಗಾಯಕ್ಕೆ ಬಿಡುವು ಸಿಗುತ್ತದೆ. ಇವರ ಪಾದಕ್ಕೆ ಆ ಬಿಡುವೇ ಇಲ್ಲ. ಇದನ್ನು ಅಸಡ್ಡೆ ಎಂದು ಬೈದರೆ ಮುಂದಿನ ಹುಣ್ಣನ್ನು ಮುಚ್ಚಿಡುತ್ತಾರೆ, ಅಷ್ಟೇ.

ರಕ್ತಸಂಚಾರ, ಸೋಂಕು ಎರಡನ್ನೂ ನೋಡಿ ವೈದ್ಯರು ಒಪ್ಪಿದರೆ, ಮೊಣಕಾಲಿನವರೆಗಿನ, ಬಿಚ್ಚಲು ಬಾರದ ಕ್ಯಾಸ್ಟ್ (ಪ್ಲಾಸ್ಟರಿನಂಥ ಗಟ್ಟಿ ಕಟ್ಟು) ಹಾಕಿಸಿಕೊಳ್ಳಿ ಎಂದೆ. "ಕಟ್ಟಿಹಾಕಿದ ಹಾಗಾಗುತ್ತೆ" ಎಂದು ಮಗ ನನ್ನ ಮೇಲೆ ರೇಗಿದರು. ಪ್ರತಿ ಸಲ ಏಳುವಾಗಲೂ ಬೂಟನ್ನು ನೆನಪಿಡುವ ಹೊರೆ ಇಳಿಸಲು ಬೇರೆ ದಾರಿ ನನಗೆ ಕಾಣಲಿಲ್ಲ, ಈಗಲೂ ಕಾಣುತ್ತಿಲ್ಲ.

ಒಂಬತ್ತನೇ ವಾರಕ್ಕೆ ಹುಣ್ಣು ಮುಚ್ಚಿತು. ಆದರೆ ಹೀಗೆ ಮಾಯ್ದವರಲ್ಲಿ ಸುಮಾರು ಶೇ. 40 ಮಂದಿಗೆ ವರ್ಷದೊಳಗೆ ಮತ್ತೆ ಹುಣ್ಣಾಗುತ್ತದೆ. ಹುಣ್ಣಾಗುವ ಮುನ್ನ ಆ ಜಾಗ ಬಿಸಿಯಾಗುತ್ತದೆ. ಅದಕ್ಕೇ ಹೆಂಡತಿ ದಿನವೂ ಎರಡೂ ಪಾದಗಳ ಅದೇ ಜಾಗಗಳ ಬಿಸಿಯನ್ನು ಥರ್ಮಾಮೀಟರಿನಲ್ಲಿ ಅಳೆದು ಬರೆದಿಡುತ್ತಾರೆ, ಎರಡು ಪಾದಗಳ ನಡುವಿನ ವ್ಯತ್ಯಾಸ 2.2 ಡಿಗ್ರಿ ಸೆಲ್ಸಿಯಸ್ ದಾಟಿ ಮರುದಿನವೂ ಹಾಗೇ ಇದ್ದರೆ ಓಡಾಟ ನಿಲ್ಲಿಸಿ ವೈದ್ಯರಲ್ಲಿಗೆ ಹೋಗಬೇಕು. ಮನೆಯೊಳಗೆಂದೇ ಅಳತೆ ಕೊಟ್ಟು ಮಾಡಿಸಿದ ಪಾದರಕ್ಷೆ ಈಗ ಮಂಚದ ಕಾಲಿನ ಪಕ್ಕದಲ್ಲಿರುತ್ತದೆ.